ಕೈ ಎತ್ತಿದವರ ಸಭೆ

ಅಥೆನ್ಸಿನ ಪೇಟೆಯಲ್ಲಿ ಹರಟೆ ಹೊಡೆಯುತ್ತ ನಿಂತ ಪೌರರನ್ನು ಸಭೆಗೆ ಅಟ್ಟುವುದಕ್ಕೆ ಒಂದು ಹಗ್ಗವಿತ್ತು. ಅದಕ್ಕೆ ಹಸಿ ಕೆಂಪು ಬಣ್ಣ ಬಳಿದಿರುತ್ತಿದ್ದರು. ಹಗ್ಗವನ್ನು ಎರಡು ತುದಿಗಳಲ್ಲಿ ಹಿಡಿದು ಜನರನ್ನು ಪ್ನಿಕ್ಸ್ ಗುಡ್ಡದ ಕಡೆಗೆ ಒತ್ತರಿಸಿಕೊಂಡು ಹೋದರೆ, ಹಿಂದೆ ಉಳಿದವನ ಬಟ್ಟೆಗೆ ಕಲೆ ಅಂಟುತ್ತಿತ್ತು. ಹೊಣೆ ತಪ್ಪಿಸಿಕೊಳ್ಳಲು ನೋಡಿದವನು ಯಾರೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಕ್ರಿ.ಪೂ. 425ರಲ್ಲಿ ಆಡಿದ ಅರಿಸ್ಟೊಫನೀಸನ ‘ಅಕಾರ್ನಿಯನ್ನರು’ ನಾಟಕದ ಆರಂಭದಲ್ಲೇ ಈ ಹಗ್ಗದ ಮಾತು ಬರುತ್ತದೆ. ನಸುಕಿನಲ್ಲೇ ಬಂದು ಕೂತ ರೈತನೊಬ್ಬ ಖಾಲಿ ಗುಡ್ಡವನ್ನು ನೋಡಿ, ಉಳಿದವರೆಲ್ಲ ಪೇಟೆಯಲ್ಲಿ ಹಗ್ಗಕ್ಕೆ ಸಿಗದೆ ಸುಳಿದಾಡುತ್ತಿದ್ದಾರೆ ಎಂದು ಗೊಣಗುತ್ತಾನೆ. ಆ ಸಭೆಯ ಹೆಸರು ಎಕ್ಲೇಸಿಯಾ. ‘ಎಕ್’ ಎಂದರೆ ಹೊರಗೆ, ‘ಕಲೇಯಿನ್’ ಎಂದರೆ ಕರೆಯುವುದು. ಕರೆದಾಗ ಮನೆ ಬಿಟ್ಟು ಬಂದು ಕೂಡಿದವರ ಕೂಟ. ಸುಮಾರು ಐನೂರು ವರ್ಷಗಳ ನಂತರ, ಯೇಸುವಿನ ಹೆಸರಿನಲ್ಲಿ ಸೇರುತ್ತಿದ್ದ ಸಣ್ಣ ಸಣ್ಣ ಗುಂಪುಗಳು ತಮ್ಮನ್ನು ಕರೆದುಕೊಳ್ಳಲು ಆರಿಸಿಕೊಂಡದ್ದು ಇದೇ ಪದವನ್ನು. ಧರ್ಮದೊಳಗೆ ರಾಜಕೀಯ ತರಬೇಡಿ ಎಂಬ ಬುದ್ಧಿಮಾತನ್ನು ನಾವು ಎಲ್ಲ ಧರ್ಮಗಳ ಹಿರಿಯರಿಂದಲೂ ಕೇಳುತ್ತೇವೆ. ಕ್ರೈಸ್ತ ಧರ್ಮದ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಅಲ್ಲಿ ಸಾಮಾನ್ಯ ಸದಸ್ಯನ ಮಾತಿನ ಹಕ್ಕು ಹೊರಗಿನಿಂದ ಬಂದದ್ದಲ್ಲ. ಸಮುದಾಯ ತನಗಿಟ್ಟುಕೊಂಡ ಮೊದಲ ಹೆಸರಿನಲ್ಲೇ ಅದು ಇತ್ತು.

ಅಥೆನ್ಸಿನ ಎಕ್ಲೇಸಿಯಾ ಹೇಗಿತ್ತು ಎಂಬುದನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕ್ರಿ.ಪೂ. 4ನೇ ಶತಮಾನದಲ್ಲಿ ಅದು ವರ್ಷಕ್ಕೆ 40 ಸಲ ಸೇರುತ್ತಿತ್ತು. ಪೌರತ್ವ ಕೊಡುವಂಥ ಕೆಲವು ವಿಷಯಗಳಿಗೆ 6,000 ಜನರ ಹಾಜರಿ ಬೇಕಿತ್ತು. ಕೂಲಿ ಬಿಟ್ಟು ಬರುವ ಬಡವನಿಗೆ ನಷ್ಟವಾಗದಿರಲೆಂದು ಹಾಜರಿಗೆ ದುಡ್ಡು ಕೊಡುವ ಪದ್ಧತಿಯೂ ಬಂತು. ಮೊದಲು ಒಂದು ಒಬೊಲ್, ಬಳಿಕ ಮೂರು. ಕಲಾಪ ಶುರುವಾಗುವ ಮೊದಲು ಹಂದಿಮರಿಯನ್ನು ಬಲಿಕೊಟ್ಟು ಸಭಾಸ್ಥಳವನ್ನು ಶುದ್ಧಿ ಮಾಡುತ್ತಿದ್ದರು. ಸಾರುವವನು ಪ್ರಾರ್ಥನೆ ಹೇಳಿ, ಜನರನ್ನು ವಂಚಿಸುವ ಭಾಷಣಕಾರನಿಗೆ ಶಾಪ ಹಾಕಿ, ಮಾತಾಡಬಯಸುವವರು ಯಾರೆಂದು ಕೇಳುತ್ತಿದ್ದ. ಬಂಡೆಯಲ್ಲಿ ಕಡೆದ ಕಟ್ಟೆಯನ್ನೇರಿ ಯಾವ ಪೌರನಾದರೂ ಮಾತಾಡಬಹುದಿತ್ತು. ಕೊನೆಗೆ ಕೈ ಎತ್ತುತ್ತಿದ್ದರು. ಎತ್ತಿದ ಕೈಗಳನ್ನು ನೋಡಿ ಬಹುಮತ ಯಾವ ಕಡೆಗೆ ಎಂದು ಅಂದಾಜಿಸುತ್ತಿದ್ದರು. ಹೀಗೆ ದೇವಕಾರ್ಯ ಮತ್ತು ರಾಜ್ಯಕಾರ್ಯ ಎರಡೂ ಒಂದೇ ಗುಡ್ಡದ ಮೇಲೆ ನಡೆಯುತ್ತಿದ್ದವು. ಆದರೆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಗುಲಾಮರು, ಪರಊರಿನಿಂದ ಬಂದು ನೆಲೆಸಿದವರು, ಹೆಂಗಸರು, ಇವರಿಗೆ ಅಲ್ಲಿ ಸ್ಥಾನವಿರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಪ್ರತಿ ಹೆಂಗಸೂ ಒಬ್ಬ ಗಂಡಸಿನ ಪಾಲನೆಯಲ್ಲಿದ್ದಳು. ತಂದೆ, ಗಂಡ ಅಥವಾ ಮಗ. ಆ ಪಾಲಕನ ಹೆಸರು ಕೂರಿಯೊಸ್, ಎಂದರೆ ಒಡೆಯ. ಈ ಎರಡನೆಯ ಪದವನ್ನೂ ಓದುಗರು ನೆನಪಿಟ್ಟುಕೊಳ್ಳಬೇಕು.

ಗ್ರೀಕರ ಊರಸಭೆಯ ಈ ಪದ ಧರ್ಮಗ್ರಂಥದೊಳಗೆ ಕಾಲಿಟ್ಟದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಕ್ರಿ.ಪೂ. 3 ಮತ್ತು 2ನೇ ಶತಮಾನಗಳಲ್ಲಿ ಯೆಹೂದಿ ವಿದ್ವಾಂಸರು ತಮ್ಮ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದರು. ಹೀಬ್ರೂವಿನಲ್ಲಿ ಇಸ್ರಾಯೇಲ್ಯರ ಸಮೂಹಕ್ಕೆ ಎರಡು ಮುಖ್ಯ ಪದಗಳಿದ್ದವು, ಏದಾ ಮತ್ತು ಕಾಹಾಲ್. ಏದಾ ಎಂಬುದಕ್ಕೆ ಅವರು ‘ಸಿನಗೋಗೆ’ ಎಂದು ಬರೆದರು. ಕಾಹಾಲ್ ಎಂಬುದಕ್ಕೆ ಕೆಲವು ಕಡೆ ಸಿನಗೋಗೆ ಎಂದೇ ಬರೆದು, ಹಲವು ಕಡೆ ಎಕ್ಲೇಸಿಯಾ ಎಂದು ಬರೆದರು. ಧರ್ಮೋಪದೇಶಕಾಂಡದಲ್ಲಿ ಸೀನಾಯಿ ಬೆಟ್ಟದ ಬುಡದಲ್ಲಿ ಜನ ನಿಂತು ಆಜ್ಞೆಗಳನ್ನು ಕೇಳಿದ ದಿನಕ್ಕೆ ಸಿಗುವ ಹೆಸರು ‘ಎಕ್ಲೇಸಿಯಾದ ದಿನ’. ದೇವರೊಂದಿಗೆ ಒಡಂಬಡಿಕೆ ಆದ ಗಳಿಗೆಗೆ, ಗ್ರೀಕ್ ಊರಿನಲ್ಲಿ ಬಾಳಿದ ಆ ಅನುವಾದಕರಿಗೆ ಹೊಳೆದದ್ದು ಪೌರರು ಕೂಡಿ ಕಾನೂನನ್ನು ಕೇಳಿ ಒಪ್ಪುವ ಸಭೆಯ ಚಿತ್ರ. ಇದು ಒಳ್ಳೆಯ ಅನುವಾದವೆಂದು ನಾನು ನಂಬುತ್ತೇನೆ. ಒಡಂಬಡಿಕೆ ಎಂದಮೇಲೆ ಎರಡು ಕಡೆಯವರು ಬೇಕು, ಕೇಳಿದವರು ಹೂಂ ಎನ್ನಬೇಕು.

ಕ್ರಿ.ಶ. 50ರ ಸುಮಾರಿಗೆ ಅಪೊಸ್ತಲನಾದ ಪೌಲ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರವನ್ನು ಹೊಸ ಒಡಂಬಡಿಕೆಯ ಅತಿ ಹಳೆಯ ಬರಹವೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಅದರ ವಿಳಾಸದ ಸಾಲಿನಲ್ಲೇ ಪದ ಇದೆ: ಥೆಸಲೋನಿಕದವರ ಎಕ್ಲೇಸಿಯಾಗೆ. ಥೆಸಲೋನಿಕ ಮಕೆದೋನ್ಯ ಪ್ರಾಂತದ ರಾಜಧಾನಿ; ಅದಕ್ಕೆ ತನ್ನದೇ ಪೌರಸಭೆಯಿತ್ತು. ಬೀದಿಯಲ್ಲಿ ನಿಂತ ಯಾರನ್ನಾದರೂ ‘ಥೆಸಲೋನಿಕದವರ ಎಕ್ಲೇಸಿಯಾ ಎಲ್ಲಿ’ ಎಂದು ಕೇಳಿದ್ದರೆ ಅವನು ಊರಸಭೆಯ ಕಡೆಗೆ ಕೈ ತೋರಿಸುತ್ತಿದ್ದ. ಅದಕ್ಕಾಗಿಯೇ ಪೌಲ ಆ ಹೆಸರಿನ ಬೆನ್ನಿಗೇ ತಂದೆಯಾದ ದೇವರಲ್ಲಿಯೂ ಕರ್ತನಾದ ಯೇಸು ಕ್ರಿಸ್ತನಲ್ಲಿಯೂ ಇರುವ ಎಕ್ಲೇಸಿಯಾ ಎಂದು ಬಿಡಿಸಿ ಹೇಳಬೇಕಾಯಿತು. ಭಕ್ತಮಂಡಳಿಗಳಿಗೆ ಆ ಕಾಲದ ಗ್ರೀಕಿನಲ್ಲಿ ಬೇರೆ ಹೆಸರುಗಳಿಗೆ ಬರವಿರಲಿಲ್ಲ. ದೇವರೊಬ್ಬನ ಉತ್ಸವಕ್ಕೆ ಕೂಡುವ ಗುಂಪಿಗೆ ಥಿಯಾಸೊಸ್ ಎನ್ನುತ್ತಿದ್ದರು, ಸಿನಗೋಗೆಯೂ ಇತ್ತು. ಕೆಲವು ಸಂಘಗಳು ತಮ್ಮ ಬೈಠಕ್ಕನ್ನು ಎಕ್ಲೇಸಿಯಾ ಎಂದದ್ದುಂಟು, ಆದರೆ ಸಂಘದ ಹೆಸರೇ ಅದಾಗಿರಲಿಲ್ಲ. ಹತ್ತಾರು ಜನ ಒಬ್ಬರ ಮನೆಯ ಪಡಸಾಲೆಯಲ್ಲಿ ಕೂತು ರೊಟ್ಟಿ ಮುರಿಯುವ ಕೂಟಕ್ಕೆ ಇಡೀ ಊರಿನ ಪೌರಸಭೆಯ ಹೆಸರಿಡಲು ಧೈರ್ಯ ಬೇಕು. ಆ ಪಡಸಾಲೆಯಲ್ಲಿ ಗುಲಾಮರಿದ್ದರು, ಹೆಂಗಸರಿದ್ದರು, ಪರದೇಶದವರಿದ್ದರು. ಪ್ನಿಕ್ಸ್ ಗುಡ್ಡ ಹತ್ತಲು ಹಕ್ಕಿಲ್ಲದವರೆಲ್ಲ ಇಲ್ಲಿ ಎಕ್ಲೇಸಿಯಾದ ಸದಸ್ಯರು.

ಪದ ಮಾತ್ರ ಬಂತು, ಅದರ ನಡವಳಿಕೆ ಬರಲಿಲ್ಲ ಎಂದು ಯಾರಾದರೂ ಹೇಳಬಹುದು. ಪುರಾವೆ ಬೇರೆಯದನ್ನು ಹೇಳುತ್ತದೆ. ಅಥೆನ್ಸಿನ ನಿರ್ಣಯಗಳನ್ನು ಕೆತ್ತಿದ ಕಲ್ಲುಗಳ ಮೇಲೆ ಮತ್ತೆ ಮತ್ತೆ ಕಾಣುವ ಕ್ರಿಯಾಪದ ‘ಎದೊಕ್ಸೆ’, ಎಂದರೆ ಸರಿಯೆಂದು ಕಂಡಿತು: ಮಂಡಲಿಗೂ ಜನಕ್ಕೂ ಹೀಗೆ ಸರಿಕಂಡಿತು ಎಂದು ನಿರ್ಣಯ ಶುರುವಾಗುತ್ತದೆ. ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯದಲ್ಲಿ, ಯೆಹೂದ್ಯರಲ್ಲದವರಿಗೆ ಸುನ್ನತಿ ಬೇಕೇ ಬೇಡವೇ ಎಂಬ ದೊಡ್ಡ ಜಗಳ ಯೆರೂಸಲೇಮಿನಲ್ಲಿ ಇತ್ಯರ್ಥವಾದಾಗ ಬಳಕೆಯಾದದ್ದು ಅದೇ ಕ್ರಿಯಾಪದ. ಅಪೊಸ್ತಲರಿಗೂ ಹಿರಿಯರಿಗೂ ಇಡೀ ಎಕ್ಲೇಸಿಯಾಗೂ ಸರಿಕಂಡಿತು ಎಂದು ಅಲ್ಲಿ ಬರೆದಿದೆ. ಇನ್ನೊಂದು ಪದ ನನಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ: ಖೈರೊತೊನಿಯಾ. ‘ಖೈರ್’ ಕೈ, ‘ತೇಯಿನೇನ್’ ಚಾಚುವುದು. ಕೈ ಎತ್ತಿ ಮತ ಹಾಕುವುದಕ್ಕೆ ಅಥೆನ್ಸಿನ ಪಾರಿಭಾಷಿಕ ಪದ. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ಒಯ್ಯಲು ತೀತನ ಜೊತೆ ಹೋಗುವ ಸಹೋದರನೊಬ್ಬನನ್ನು ಎಕ್ಲೇಸಿಯಾಗಳು ಆರಿಸಿದವು ಎಂದು ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಹೇಳುವಾಗ ಬಳಸುವುದು ಈ ಪದವನ್ನೇ. ಹಣದ ವಿಷಯ, ನಂಬಿಕೆಯ ಆಳು ಬೇಕು, ಆದ್ದರಿಂದ ಜನರೇ ಆರಿಸಿದರು. ಆದಿಕಾಲದ ಕ್ರೈಸ್ತ ಕೈಪಿಡಿಯಾದ ‘ದಿದಾಖೆ’ಯೂ ಬಿಷಪ್ಪರನ್ನೂ ಸೇವಕರನ್ನೂ ನೀವೇ ಆರಿಸಿಕೊಳ್ಳಿ ಎಂದು ಹೇಳುವುದು ಇದೇ ಕ್ರಿಯಾಪದದಲ್ಲಿ. ಇದೇ ಖೈರೊತೊನಿಯಾ ಮುಂದೆ ಪೂರ್ವದ ಚರ್ಚುಗಳಲ್ಲಿ ಗುರುದೀಕ್ಷೆಯ ಹೆಸರಾಯಿತು, ಎಂದರೆ ಬಿಷಪ್ಪರು ತಲೆಯ ಮೇಲೆ ಕೈಯಿಡುವ ವಿಧಿ. ಜನ ಮೇಲಕ್ಕೆ ಎತ್ತಿದ ಕೈ, ಅಧಿಕಾರಿ ಕೆಳಕ್ಕೆ ಇಳಿಸಿದ ಕೈಯಾಯಿತು. ಪದ ಒಂದೇ, ಕೈ ಬೇರೆಯವರದು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಪದದ ಹುಟ್ಟು ಅದರ ಅರ್ಥವಲ್ಲ. ಸ್ಕಾಟ್ಲೆಂಡಿನ ವಿದ್ವಾಂಸ ಜೇಮ್ಸ್ ಬಾರ್ 1961ರಲ್ಲಿ ಪ್ರಕಟಿಸಿದ, ಬೈಬಲ್ ಭಾಷೆಯ ಅರ್ಥವಿಚಾರದ ಪುಸ್ತಕದಲ್ಲಿ ಪದದ ಹುಟ್ಟನ್ನೇ ಅರ್ಥವೆಂದು ಹಿಡಿಯುವ ಧರ್ಮಶಾಸ್ತ್ರಿಗಳ ಚಾಳಿಯನ್ನು ಕಟುವಾಗಿ ವಿಮರ್ಶಿಸಿದರು. ಎಕ್ಲೇಸಿಯಾ ಎಂಬುದನ್ನು ಎಕ್, ಕಲೇಯಿನ್ ಎಂದು ಒಡೆದು, ಲೋಕದಿಂದ ಹೊರಗೆ ಕರೆಯಲ್ಪಟ್ಟವರು ಎಂದು ಉಪದೇಶ ಮಾಡುವವರು ಇಂದಿಗೂ ಇದ್ದಾರೆ. ಪೌಲನ ಕಾಲದಲ್ಲಿ ಆ ಪದ ಕೇಳಿದ ಯಾರ ಮನಸ್ಸಿಗೂ ಆ ಒಡೆತ ಬರುತ್ತಿರಲಿಲ್ಲ. ಬಾರ್ ಹೇಳಿದ್ದು ಸರಿ, ನಾನು ಪೂರ್ತಿ ಒಪ್ಪುತ್ತೇನೆ. ಆದರೆ ನನ್ನ ವಾದ ಧಾತುವಿನ ಮೇಲೆ ನಿಂತಿಲ್ಲ, ಬಳಕೆಯ ಮೇಲೆ ನಿಂತಿದೆ. ಕ್ರಿ.ಶ. 1ನೇ ಶತಮಾನದಲ್ಲಿ ಆ ಪದ ಜೀವಂತವಾಗಿತ್ತು. ಗ್ರೀಕ್ ಊರುಗಳಲ್ಲಿ ರೋಮಿನ ಆಳ್ವಿಕೆಯ ಕೆಳಗೂ ಎಕ್ಲೇಸಿಯಾಗಳು ಸೇರುತ್ತಿದ್ದವು. ಇದಕ್ಕೆ ಬೈಬಲೇ ಸಾಕ್ಷಿ.

ಅಪೊಸ್ತಲರ ಕೃತ್ಯಗಳ 19ನೇ ಅಧ್ಯಾಯ ಎಫೆಸದ ಗಲಭೆಯನ್ನು ವರ್ಣಿಸುತ್ತದೆ. ಅರ್ತೆಮೀ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುತ್ತಿದ್ದ ದೇಮೇತ್ರಿಯನೆಂಬ ಅಕ್ಕಸಾಲಿಗ, ಪೌಲನ ಬೋಧನೆಯಿಂದ ಕಸುಬಿಗೆ ಕುತ್ತು ಬಂತೆಂದು ತನ್ನ ಕುಲಕಸುಬಿನವರನ್ನು ಎಬ್ಬಿಸುತ್ತಾನೆ. ಜನ ನಾಟಕಶಾಲೆಗೆ ನುಗ್ಗುತ್ತಾರೆ. ಅಲ್ಲಿ ಒಬ್ಬೊಬ್ಬರು ಒಂದೊಂದು ಕೂಗುತ್ತಾರೆ. ತಾವು ಯಾಕೆ ಸೇರಿದ್ದೇವೆ ಎಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಸುಮಾರು ಎರಡು ತಾಸು ದೇವಿಯ ಜಯಘೋಷ ನಡೆದ ಮೇಲೆ ಪಟ್ಟಣದ ಲೇಖಕ ಎದ್ದು ನಿಂತು, ದೂರಿದ್ದರೆ ನ್ಯಾಯಾಲಯ ಇದೆ, ಬೇರೆ ವಿಷಯವಿದ್ದರೆ ಕ್ರಮಬದ್ಧ ಎಕ್ಲೇಸಿಯಾದಲ್ಲಿ ತೀರ್ಮಾನಿಸೋಣ ಎಂದು ಹೇಳಿ ಅವರನ್ನು ಕಳಿಸುತ್ತಾನೆ. ಗದ್ದಲದ ಗುಂಪಿಗೂ ಕ್ರಮಬದ್ಧ ಪೌರಸಭೆಗೂ ಪುಸ್ತಕ ಬರೆದ ಲೂಕ ಬಳಸಿದ ಪದ ಎಕ್ಲೇಸಿಯಾ. ಅದೇ ಪುಸ್ತಕದ ಉಳಿದೆಡೆಗಳಲ್ಲಿ ಬಹುಮಟ್ಟಿಗೆ ಕ್ರೈಸ್ತ ಸಮುದಾಯಕ್ಕೂ ಅದೇ. ಹೊಸ ಒಡಂಬಡಿಕೆಯಲ್ಲಿ 114 ಸಲ ಬರುವ ಈ ಪದ ಒಮ್ಮೆಯೂ ಕಟ್ಟಡವನ್ನು ಸೂಚಿಸುವುದಿಲ್ಲ. ಎಫೆಸದ ಕಥೆಯನ್ನು ಬರೆದವನಿಗೆ ಒಳ್ಳೆಯ ಸಭೆ ಯಾವುದು, ಕೆಟ್ಟ ಸಭೆ ಯಾವುದು ಎಂಬ ವ್ಯತ್ಯಾಸ ಗೊತ್ತಿತ್ತು. ಯಾಕೆ ಸೇರಿದ್ದೇವೆಂದು ತಿಳಿದು, ಸರದಿಯಲ್ಲಿ ಮಾತಾಡಿ, ತೀರ್ಮಾನಕ್ಕೆ ಬರುವುದು ಒಂದು. ಘೋಷಣೆ ಕೂಗುವುದು ಇನ್ನೊಂದು. ಧರ್ಮದ ಹೆಸರಿನಲ್ಲಿ ಸೇರುವ ಗುಂಪುಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾನು ಕಾಣೆ.

ಪದ ಗ್ರೀಕ್ ಊರಿನಿಂದ ಬಂದದ್ದಲ್ಲ, ಯೆಹೂದಿ ಗ್ರಂಥದ ಗ್ರೀಕ್ ಅನುವಾದದಿಂದ ಬಂದದ್ದು, ಆದ್ದರಿಂದ ಅದರಲ್ಲಿ ರಾಜಕೀಯ ಹುಡುಕಬಾರದು ಎನ್ನುವವರೂ ಇದ್ದಾರೆ. ಮೊದಲ ಭಾಗ ನಿಜವೇ ಇರಬಹುದು. ಆದರೆ ಕೊರಿಂಥದ ಹೊಸ ಭಕ್ತನಿಗೆ ಎರಡೂ ಕಿವಿಗಳಿದ್ದವು. ಒಂದರಲ್ಲಿ ಗ್ರಂಥ, ಇನ್ನೊಂದರಲ್ಲಿ ಊರು. ಕ್ರಿ.ಶ. 248ರ ಸುಮಾರಿಗೆ ಕ್ರೈಸ್ತ ವಿದ್ವಾಂಸ ಓರಿಗನ್ ಬರೆದ ‘ಕೆಲ್ಸನ ವಿರುದ್ಧ’ ಗ್ರಂಥದ ಮೂರನೇ ಭಾಗದಲ್ಲಿ ಅವನು ಅಥೆನ್ಸಿನಲ್ಲಿರುವ ದೇವರ ಎಕ್ಲೇಸಿಯಾವನ್ನು ಅಥೆನ್ಸಿನವರ ಎಕ್ಲೇಸಿಯಾದ ಪಕ್ಕದಲ್ಲಿಟ್ಟು ತೂಗುತ್ತಾನೆ. ಒಂದು ಸೌಮ್ಯ, ಸ್ಥಿರ, ಇನ್ನೊಂದು ಕಲಹಪ್ರಿಯ ಎನ್ನುತ್ತಾನೆ. ಕೊರಿಂಥ, ಅಲೆಕ್ಸಾಂಡ್ರಿಯಾಗಳ ಬಗ್ಗೆಯೂ ಅದನ್ನೇ ಹೇಳುತ್ತಾನೆ. ಒಂದೇ ಜಾತಿಯ ಎರಡು ವಸ್ತುಗಳೆಂದು ತೋರದೆ ಯಾರೂ ಹೀಗೆ ತಕ್ಕಡಿಯಲ್ಲಿಡುವುದಿಲ್ಲ.

ಹಾಗಾದರೆ ಸಭೆ ಕಟ್ಟಡವಾದದ್ದು, ಪೌರರು ಹಿಂಡಾದದ್ದು ಯಾವಾಗ? ಒಂದು ದಿನದಲ್ಲಿ ಆದದ್ದಲ್ಲ. 2ನೇ ಶತಮಾನದ ಆರಂಭದಲ್ಲೇ ಅಂತಿಯೋಕ್ಯದ ಇಗ್ನಾಸಿಯಸ್ ಬಿಷಪ್ ಇಲ್ಲದೆ ಏನನ್ನೂ ಮಾಡಬೇಡಿ ಎಂದು ಸ್ಮುರ್ನದವರಿಗೆ ಬರೆಯುತ್ತಾನೆ. ಹಿಂಸೆಯ ಕಾಲ, ಒಡಕುಗಳ ಕಾಲ. ಒಬ್ಬ ನಾಯಕನ ಸುತ್ತ ನಿಲ್ಲಿ ಎಂಬ ಸಲಹೆಗೆ ಕಾರಣವಿತ್ತು. 4ನೇ ಶತಮಾನದಲ್ಲಿ ಸಾಮ್ರಾಟರ ಆಸರೆ ಸಿಕ್ಕಿ ದೊಡ್ಡ ದೊಡ್ಡ ಕಟ್ಟಡಗಳೆದ್ದವು. ಆಗ ಬಳಕೆಗೆ ಬಂದ ಇನ್ನೊಂದು ಗ್ರೀಕ್ ಪದ ‘ಕೂರಿಯಕೊನ್’, ಎಂದರೆ ಒಡೆಯನದು. ಅಥೆನ್ಸಿನ ಹೆಂಗಸರ ಪಾಲಕನಿಗೆ ಹೇಳುತ್ತಿದ್ದ ಕೂರಿಯೊಸ್ ಎಂಬುದರಿಂದಲೇ ಅದು ಬಂದದ್ದು. ಇಲ್ಲಿ ಒಡೆಯನೆಂದರೆ ಕರ್ತನಾದ ಯೇಸು. ಇಂಗ್ಲಿಷಿನ ಚರ್ಚ್, ಜರ್ಮನ್ನಿನ ಕಿರ್ಖೆ ಈ ಕೂರಿಯಕೊನ್ನಿನ ಮಕ್ಕಳು. ಫ್ರೆಂಚಿನ ಎಗ್ಲೀಜ್, ಪೋರ್ಚುಗೀಸಿನ ಇಗ್ರೇಜ ಎಕ್ಲೇಸಿಯಾದ ಮಕ್ಕಳು. ಹೀಗಾಗಿ ಮಂಗಳೂರಿನ ಕೊಂಕಣಿ ಕ್ರೈಸ್ತರು ಭಾನುವಾರ ‘ಇಗರ್ಜಿ’ಗೆ ಹೋಗುತ್ತೇವೆ ಎನ್ನುವಾಗ, ಪೋರ್ಚುಗೀಸಿನ ದಾರಿಯಲ್ಲಿ ಬಂದ ಅಥೆನ್ಸಿನ ಊರಸಭೆ ಅವರ ಬಾಯಲ್ಲಿರುತ್ತದೆ, ಬೆಂಗಳೂರಿನವರು ‘ಚರ್ಚ್’ ಎನ್ನುವಾಗ ಒಡೆಯನ ಮನೆ ಇರುತ್ತದೆ.

ಈ ಎರಡು ಪದಗಳ ನಡುವಿನ ಆಯ್ಕೆ ಹುಡುಗಾಟವಲ್ಲ ಎಂಬುದಕ್ಕೆ ವಿಲಿಯಂ ಟಿಂಡೇಲನ ಬದುಕು ಸಾಕ್ಷಿ. 1526ರ ತನ್ನ ಇಂಗ್ಲಿಷ್ ಹೊಸ ಒಡಂಬಡಿಕೆಯಲ್ಲಿ ಅವನು ಎಕ್ಲೇಸಿಯಾಗೆ ‘ಚರ್ಚ್’ ಎನ್ನದೆ ‘ಕಾಂಗ್ರಿಗೇಶನ್’ ಎಂದು ಬರೆದ. ಕೂಡಿದ ಜನ ಎಂಬರ್ಥ. ಸರ್ ಥಾಮಸ್ ಮೋರ್ 1529ರಲ್ಲಿ ಈ ಪದದ ಮೇಲೆ, ಜೊತೆಗೆ ‘ಪ್ರೀಸ್ಟ್’ ಮತ್ತು ‘ಚಾರಿಟಿ’ಗಳ ಬದಲು ಅವನು ಬಳಸಿದ ಪದಗಳ ಮೇಲೆ ಹರಿಹಾಯ್ದ. ಮೋರ್ ದಡ್ಡನಲ್ಲ, ಒಂದು ಪದ ಬದಲಾದರೆ ಅಧಿಕಾರದ ಅಡಿಗಲ್ಲೇ ಅಲುಗುತ್ತದೆಂದು ಅವನಿಗೆ ಸರಿಯಾಗಿಯೇ ಕಂಡಿತ್ತು. ಟಿಂಡೇಲನನ್ನು 1536ರಲ್ಲಿ ಬ್ರಸೆಲ್ಸ್ ಬಳಿಯ ವಿಲ್‌ವೋರ್ಡೆಯಲ್ಲಿ ಕತ್ತು ಹಿಸುಕಿ ಕೊಂದು ಸುಟ್ಟರು. ಅದಕ್ಕೆ ಈ ಪದವೊಂದೇ ಕಾರಣವಲ್ಲ, ಆದರೆ ಅವನ ಅನುವಾದದ ಮೇಲಿನ ಸಿಟ್ಟಿನಲ್ಲಿ ಇದರ ಪಾಲೂ ಇತ್ತು. ಮುಂದೆ ಇಂಗ್ಲೆಂಡಿನ ದೊರೆ ಜೇಮ್ಸ್ ಬೈಬಲ್ ಅನುವಾದಕರಿಗೆ ಕೊಟ್ಟ ನಿಯಮಗಳಲ್ಲಿ ಮೂರನೆಯದು, ಹಳೆಯ ಧಾರ್ಮಿಕ ಪದಗಳನ್ನು ಉಳಿಸಿಕೊಳ್ಳಬೇಕು, ‘ಚರ್ಚ್’ ಇರುವಲ್ಲಿ ‘ಕಾಂಗ್ರಿಗೇಶನ್’ ಬರಬಾರದು ಎಂದಿತ್ತು. 1611ರಲ್ಲಿ ಹೊರಬಂದ ಆ ಬೈಬಲಿನಲ್ಲಿ ಎಫೆಸದ ಗಲಭೆಯ ಎಕ್ಲೇಸಿಯಾ ‘ಅಸೆಂಬ್ಲಿ’ ಆಯಿತು, ಕ್ರೈಸ್ತರ ಎಕ್ಲೇಸಿಯಾ ‘ಚರ್ಚ್’ ಆಯಿತು. ಒಂದೇ ಪದವೆಂಬ ಸುಳಿವು ಇಂಗ್ಲಿಷ್ ಓದುಗನಿಗೆ ಸಿಗದಂತೆ ಅನುವಾದವೇ ಬಾಗಿಲು ಹಾಕಿತು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಭಾಷೆಯದಲ್ಲ, ತತ್ತ್ವದ್ದು. ಸತ್ಯವನ್ನು ಕೈ ಎಣಿಸಿ ತೀರ್ಮಾನಿಸಲಾಗದು. ದೇವರ ಮಾತು ಬಹುಮತದಿಂದ ಹುಟ್ಟುವುದಿಲ್ಲ. ಒಪ್ಪುತ್ತೇನೆ. ಆದರೆ ದೇವರ ಮಾತು ಏನೆಂದು ತಿಳಿಯುವ ಹೊಣೆ ಮನುಷ್ಯರದ್ದೇ, ಮತ್ತು ತಿಳಿಯುವ ಬುದ್ಧಿ ಒಬ್ಬನ ತಲೆಯಲ್ಲಿ ಮಾತ್ರ ಇರುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಪೌಲ ಪ್ರವಾದಿಗಳಿಗೂ ಎದುರಾಡದೆ ಒಪ್ಪಿಕೊಳ್ಳಿ ಎನ್ನುವುದಿಲ್ಲ. ಇಬ್ಬರು ಮೂವರು ಮಾತಾಡಲಿ, ಉಳಿದವರು ವಿವೇಚಿಸಲಿ ಎಂದು ವಿಧಿಸುತ್ತಾನೆ. ಸಭೆ ಸತ್ಯವನ್ನು ಹುಟ್ಟಿಸುವುದಿಲ್ಲ, ಪರೀಕ್ಷಿಸುತ್ತದೆ. ಒಬ್ಬ ಗುರುವಿನ ತಪ್ಪನ್ನು ಹಿಡಿಯಲು ಎರಡನೆಯ ಬಾಯಿ ಬೇಕೇ ಬೇಕು. ಸಭೆಯನ್ನು ಬಲವಾಗಿ ವಿರೋಧಿಸುವವರೂ ಕೊನೆಗೆ ಸಭೆಯ ಮೊರೆಹೋಗುತ್ತಾರೆ: ಕ್ರಿ.ಶ. 325ರಲ್ಲಿ ನಿಕಾಯದಲ್ಲಿ ಸೇರಿದ ಬಿಷಪ್ಪರು ಚರ್ಚಿಸಿ, ಸಹಿ ಹಾಕಿ ಒಪ್ಪಿದ ವಿಶ್ವಾಸವನ್ನೇ, ಮುಂದೆ ವಿಸ್ತರಿಸಿದ ರೂಪದಲ್ಲಿ, ಇಂದಿಗೂ ಕೋಟ್ಯಂತರ ಜನ ಪಠಿಸುತ್ತಾರೆ.

ಆದರೆ ಅದೇ 14ನೇ ಅಧ್ಯಾಯ ಹೆಂಗಸರು ಎಕ್ಲೇಸಿಯಾಗಳಲ್ಲಿ ಸುಮ್ಮನಿರಬೇಕೆಂದೂ ಹೇಳುತ್ತದೆ. ಇದನ್ನು ಮರೆಮಾಚಿ ವಾದ ಕಟ್ಟುವುದು ಅಪ್ರಾಮಾಣಿಕತೆ. ಈ ವಚನಗಳು ಕೆಲವು ಹಸ್ತಪ್ರತಿಗಳಲ್ಲಿ ಅಧ್ಯಾಯದ ಕೊನೆಯಲ್ಲಿವೆ. ಇವು ಪೌಲನವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದೇ ಪತ್ರದ 11ನೇ ಅಧ್ಯಾಯ ಹೆಂಗಸರು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಸಹಜವೆಂದೇ ಎಣಿಸುತ್ತದೆ. ಕೆಂಕ್ರೆಯದ ಎಕ್ಲೇಸಿಯಾದ ಸೇವಕಿ ಎಂದು ಪೌಲ ಫೊಯಿಬೆಯನ್ನು ರೋಮಿನವರಿಗೆ ಪರಿಚಯಿಸುತ್ತಾನೆ. ಹೆಂಗಸರ ಬಾಯಿ ಕಟ್ಟುವ ಆ ನಿಯಮ ಬಂದದ್ದು ಸುವಾರ್ತೆಯಿಂದಲ್ಲ, ಹಳೆಯ ಊರಸಭೆಯ ಅಭ್ಯಾಸದಿಂದ ಎಂದು ನನ್ನ ತೀರ್ಮಾನ. ಕ್ರಿ.ಪೂ. 391ರ ಸುಮಾರಿಗೆ ಅರಿಸ್ಟೊಫನೀಸ್ ಹೆಂಗಸರು ಸುಳ್ಳು ಗಡ್ಡ ಅಂಟಿಸಿಕೊಂಡು ಎಕ್ಲೇಸಿಯಾಗೆ ನುಗ್ಗುವ ನಾಟಕ ಬರೆದು ಜನರನ್ನು ನಗಿಸಿದ್ದ. ನಗು ಬರುತ್ತಿದ್ದದ್ದು ಅದು ಆಗದ ಮಾತು ಎಂಬ ಕಾರಣಕ್ಕೆ. ಪಡಸಾಲೆಯ ಎಕ್ಲೇಸಿಯಾದಲ್ಲಿ ಅದು ಗಡ್ಡವಿಲ್ಲದೆಯೇ ಆಗಿತ್ತು. ಆಮೇಲೆ ಹಳೆಯ ಊರು ತನ್ನ ಬೀಗವನ್ನು ತಂದು ಹಾಕಿತು. ಆ ಬೀಗ ಈಗೀಗ ಸಡಿಲವಾಗುತ್ತಿದೆ. 2013ರಲ್ಲಿ ದಕ್ಷಿಣ ಭಾರತ ಸಭೆ ನಂದ್ಯಾಲಕ್ಕೆ ಮಹಿಳೆಯೊಬ್ಬರನ್ನು ಬಿಷಪ್ಪರನ್ನಾಗಿ ಮಾಡಿತು. 2023ರ ಅಕ್ಟೋಬರಿನಲ್ಲಿ ವ್ಯಾಟಿಕನ್ನಿನ ಸಿನೊಡಿನಲ್ಲಿ ಮಹಿಳೆಯರಿಗೆ ಮೊದಲ ಸಲ ಮತದ ಹಕ್ಕು ಸಿಕ್ಕಿತು. ಇವನ್ನು ಆಧುನಿಕತೆಗೆ ಶರಣಾಗತಿ ಎನ್ನುವವರು ಫೊಯಿಬೆಯ ಹೆಸರನ್ನು ಇನ್ನೊಮ್ಮೆ ಓದಬೇಕು.

ಪದದ ಆಯ್ಕೆಯ ವಿಷಯದಲ್ಲಿ ಕನ್ನಡದ ಬೈಬಲ್ ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರವಿದೆ. ಅದರಲ್ಲಿ ಎಕ್ಲೇಸಿಯಾಗೆ ಇರುವ ಪದ ‘ಸಭೆ’. ಅಥರ್ವವೇದದಲ್ಲಿ ಸಭೆ ಮತ್ತು ಸಮಿತಿಗಳನ್ನು ಪ್ರಜಾಪತಿಯ ಇಬ್ಬರು ಮಗಳಂದಿರೆಂದು ಕರೆದಿದೆ, ಅಷ್ಟು ಹಳೆಯ ಪದ. ಗ್ರಾಮಸಭೆ, ವಿಧಾನಸಭೆ, ಲೋಕಸಭೆಗಳಲ್ಲಿ ಇಂದೂ ದುಡಿಯುತ್ತಿರುವ ಪದ. ಕ್ಯಾಥೊಲಿಕರು ‘ಧರ್ಮಸಭೆ’ ಎನ್ನುತ್ತಾರೆ, ಪ್ರಾಟೆಸ್ಟಂಟರು ತಮ್ಮ ಪಾದ್ರಿಯನ್ನು ‘ಸಭಾಪಾಲಕರು’ ಎನ್ನುತ್ತಾರೆ. ಪೌಲನ ಪತ್ರಗಳಲ್ಲಿ ಬಿಷಪ್ಪನಿಗೆ ಕನ್ನಡ ಬೈಬಲ್ ಕೊಟ್ಟಿರುವ ಹೆಸರು ‘ಸಭಾಧ್ಯಕ್ಷ’. ಬೆಂಗಳೂರಿನ ವಿಧಾನಸೌಧದಲ್ಲಿ ಶಾಸಕರು ಮಾತಿಗೆ ಎದ್ದು ನಿಂತು ‘ಮಾನ್ಯ ಸಭಾಧ್ಯಕ್ಷರೇ’ ಎಂದು ಕರೆಯುವುದೂ ಅದೇ ಹೆಸರಿನಿಂದ.